ಮೂರನೇ ಮಾತ್ರೆ ಬರೆಯುವ ಮೊದಲು ಸ್ಟ್ರಿಪ್ ಎಣಿಸಿದೆ

‘ಖಾಲಿ ಸ್ಟ್ರಿಪ್ ತರಿಸಿಕೊಂಡು ಏನು ಮಾಡ್ತೀರಿ? ಡೋಸ್ ಏರಿಸಿ ಸಾಕು’ ಎಂದು ಹಿರಿಯ ವೈದ್ಯರೊಬ್ಬರು ಎಲ್ಲರೆದುರು ನಕ್ಕಿದ್ದರು. ಈಗ ತಮ್ಮ ಹಠಮಾರಿ ಬಿಪಿ ಕೇಸುಗಳನ್ನು ಅವರೇ ನನ್ನ ಕಡೆ ದಾಟಿಸುತ್ತಾರೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಬರೆದುಕೊಟ್ಟ ಬಿಪಿ ಮಾತ್ರೆ ನಿಜಕ್ಕೂ ಹೊಟ್ಟೆಗೆ ಹೋಗುತ್ತಿದೆಯೇ ಎಂದು ನಾನು ಬೆನ್ನು ಹತ್ತಿದ್ದು ಸುಮಾರು 60 ರೋಗಿಗಳನ್ನು. ಎಲ್ಲರಿಗೂ ಎರಡೋ ಮೂರೋ ಮಾತ್ರೆ ನಡೆಯುತ್ತಿತ್ತು, ಯಾರೂ 140/90ರ ಕೆಳಗೆ ಇಳಿದಿರಲಿಲ್ಲ.

ಮೊದಮೊದಲು ಮಾಡಿದ್ದೆಲ್ಲ ದಂಡ. ಪಾರ್ಶ್ವವಾಯು, ಕಿಡ್ನಿ ಎಂದು ಹೆದರಿಸಿದೆ. ಹೆದರಿದವರು ಮುಂದಿನ ತಿಂಗಳು ಬರಲೇ ಇಲ್ಲ. ಮೊಬೈಲ್‌ನಲ್ಲಿ ಅಲಾರಂ ಇಡಿಸಿದೆ. ಎರಡು ವಾರದಲ್ಲಿ ಅದನ್ನು ಆಫ್ ಮಾಡುವುದಷ್ಟೇ ರೂಢಿಯಾಯಿತು. ಕೈಯಿಂದ ದುಡ್ಡು ಹಾಕಿ ವಾರದ ಏಳು ಖಾನೆಯ ಡಬ್ಬಿ ಹಂಚಿದೆ. ಒಬ್ಬರು ಅದರಲ್ಲಿ ಅಂಗಿ ಗುಂಡಿ ತುಂಬಿಟ್ಟಿದ್ದರು.

ಸಿಟ್ಟಿಗೆ ನಾನೇ ದಿನಕ್ಕೊಂದು ಪೆಪ್ಪರಮಿಂಟು ಎಂದು 30 ಎಣಿಸಿಟ್ಟುಕೊಂಡೆ. ತಿಂಗಳ ಕೊನೆಗೆ ಏಳು ಉಳಿದಿದ್ದವು. ಅಂದಿನಿಂದ ಬೈಯುವುದು ಬಿಟ್ಟೆ.

‘ಸರಿಯಾಗಿ ತಗೋತೀರಾ?’ ಎಂದರೆ ‘ಹೂಂ’ ಬಿಟ್ಟು ಬೇರೆ ಉತ್ತರ ಬರದು. ‘ಕಳೆದ ವಾರ ಎಷ್ಟು ದಿನ ತಪ್ಪಿತು?’ ಎಂದು, ತಪ್ಪುವುದೇ ಸಹಜವೆಂಬಂತೆ ಕೇಳತೊಡಗಿದೆ. ಜೊತೆಗೆ ಸ್ಟ್ರಿಪ್ ಮೇಜಿನ ಮೇಲೆ. ಒಬ್ಬರ ಸ್ಟ್ರಿಪ್‌ನಲ್ಲಿ ಗುಳಿಗೊಂದು ಅರ್ಧ ಮಾತ್ರೆ ಕೂತಿತ್ತು, ಹರಿದ ಫಾಯಿಲನ್ನು ಉಗುರಿನಿಂದ ಒತ್ತಿ ಮುಚ್ಚಿದ್ದರು. ಒಂದು ತಿಂಗಳ ಖರ್ಚನ್ನು ಎರಡು ತಿಂಗಳಿಗೆ ಎಳೆಯುವ ಲೆಕ್ಕ. ಅದೋ ನಿಫೆಡಿಪಿನ್ ರಿಟಾರ್ಡ್, ಔಷಧಿಯನ್ನು ನಿಧಾನವಾಗಿ ಬಿಡುವ ಬಿಪಿ ಮಾತ್ರೆ. ಕತ್ತರಿಸಿದರೆ ಔಷಧಿ ಒಮ್ಮೆಲೇ ಬಿಡುಗಡೆಯಾಗಿ ಮುಖ ಬಿಸಿ, ಎದೆ ಡವಡವ. ‘ಈ ಮಾತ್ರೆ ನನಗೆ ಒಗ್ಗಲ್ಲ’ ಎಂಬ ದೂರು ಬೇರೆ! ಅದೇ ಜಾತಿಯ ಜೆನೆರಿಕ್ ಆಮ್ಲೋಡಿಪಿನ್‌ಗೆ ಬದಲಾಯಿಸಿದೆ. ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು, ಬ್ಲೇಡಿನ ಕೆಲಸ ನಿಂತಿತು. ಎರಡು ಔಷಧಿ ಒಂದೇ ಮಾತ್ರೆಯಲ್ಲಿರುವ ಕಾಂಬಿನೇಷನ್‌ಗೆ ಹೋದವರು ತಪ್ಪಿಸುವುದು ಇನ್ನೂ ಕಡಿಮೆ. ಡಬ್ಲ್ಯೂಎಚ್‌ಒ 2019ರಲ್ಲಿ ಇವನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಬರೆಯುವ ಮುಂಚೆ ಬೆಲೆ ಮಾತ್ರ ನೋಡಿ. ಕೆಲವು ಬಿಡಿ ಮಾತ್ರೆಗಳಿಗಿಂತ ದುಬಾರಿ.

ಎನಲಾಪ್ರಿಲ್ ಎಂಬ ಬಿಪಿ ಮಾತ್ರೆ ತರುವ ಕೆಮ್ಮಿಗೆ ತಿಂಗಳುಗಟ್ಟಲೆ ಸಿರಪ್ ಕುಡಿಯುತ್ತಿದ್ದವರು ಮೂವರು. ಅದರ ಬದಲು ಟೆಲ್ಮಿಸಾರ್ಟನ್ ಹಾಕಿದೆ, ಸಿರಪ್ ದುಡ್ಡೂ ಉಳಿಯಿತು. ಪ್ರಯಾಣದ ದಿನ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ) ಬಿಡುವವರಿಗೆ ಹೊತ್ತು ಹೊಂದಿಸಿಕೊಟ್ಟೆ. ಬಿಪಿ ಮಾತ್ರೆ ರಾತ್ರಿ ನುಂಗುವುದೇ ಮೇಲು ಎಂದು ನಾನೂ ಕೆಲಕಾಲ ಹಟ ಹಿಡಿದಿದ್ದೆ. ಮಾತ್ರೆ ನುಂಗುವ ಹೊತ್ತನ್ನೇ ಪರೀಕ್ಷಿಸಿದ 2022ರ ಬ್ರಿಟನ್ನಿನ ಟೈಮ್ (TIME) ಅಧ್ಯಯನ ಬೆಳಿಗ್ಗೆ, ರಾತ್ರಿ ಎರಡೂ ಒಂದೇ ಎಂದ ಮೇಲೆ ಆ ಹಟ ಬಿಟ್ಟೆ. ಅಟೆನೊಲಾಲ್ ಎಂಬ ಬಿಪಿ ಮಾತ್ರೆ ಬಿಟ್ಟ ಗಂಡಸರು ನಿಜವಾದ ಕಾರಣ, ಅಂದರೆ ಲೈಂಗಿಕ ತೊಂದರೆ, ಹೇಳುವುದಿಲ್ಲ. ಅದನ್ನು ಹೊರಡಿಸುವ ನನ್ನದೇ ಒಂದು ಪ್ರಶ್ನೆಯಿದೆ, ಅದು ಇಲ್ಲಿ ಬೇಡ. ಇನ್ನು ನಾಲ್ಕೈದು ಜನ ಒಂದು ಮಾತ್ರೆಯನ್ನೂ ತಪ್ಪಿಸಿರಲಿಲ್ಲ, ಪಾಪ. ಮಂಡಿನೋವಿಗೆ ನುಂಗುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಬಿಪಿಯನ್ನು ಮೇಲೆ ಹಿಡಿದಿತ್ತು.

ತಪಾಸಣೆಯ ದಿನದ ಬೆಳಿಗ್ಗೆ ಮಾತ್ರ ನುಂಗಿ ಬರುವವರನ್ನು ಹಿಡಿಯುವ ಉಪಾಯವೂ ಉಂಟು. ಬರೆದರೆ ಅವರಿಗೂ ಗೊತ್ತಾಗಿಬಿಡುತ್ತದೆ.

ಏಳೆಂಟು ತಿಂಗಳಲ್ಲಿ 60ರಲ್ಲಿ 40 ಜನರಾದರೂ 140/90ರ ಒಳಗೆ ಬಂದರು. ಒಬ್ಬರಿಗೂ ಹೆಚ್ಚುವರಿ ಮಾತ್ರೆ ಬರೆಯಲಿಲ್ಲ. ಹತ್ತು ಜನರಿಗೆ ಒಂದನ್ನು ಕಡಿಮೆಯೇ ಮಾಡಿದೆ. ಗುಂಡಿ ಡಬ್ಬಿಯವರು ಮಾತ್ರ ಇನ್ನೂ 160ರಲ್ಲೇ ಇದ್ದಾರೆ.