ಇಬ್ಬರಿಗೂ ಸೇರಿ 140 ಕೆಜಿ

ಆಮ್‌ಸ್ಟರ್‌ಡ್ಯಾಮಿನ ಆಮ್‌ಸ್ಟೆಲ್ ನದಿ ದಡದ ರೋಯಿಂಗ್ ಕ್ಲಬ್ಬಿಗೆ ನಾನು ಸೇರಿದ್ದು ಸುಮ್ನೆ, ಆಫೀಸಿನ ಗೆಳೆಯ ಕರೆದ ಅಂತ. ಮೊದಲ ತಿಂಗಳೆಲ್ಲ ಹುಟ್ಟು ನೀರಲ್ಲಿ ಸಿಕ್ಕಿಕೊಂಡು ಅದರ ಹಿಡಿ ಹೊಟ್ಟೆಗೆ ಗುದ್ದುತ್ತಿತ್ತು. ಡಚ್ಚರು ಇದನ್ನು 'ಸ್ನೂಕ್' ಅನ್ನುತ್ತಾರೆ. ಅದೊಂದು ಮೀನಿನ ಹೆಸರು. ನಾನು ಬುಟ್ಟಿ ತುಂಬ ಹಿಡಿದಿದ್ದೇನೆ.

ಎರಡು ವರ್ಷದ ಮೇಲೆ ಕೋಚ್ ನಮ್ಮಿಬ್ಬರನ್ನೂ ಲೈಟ್‌ವೇಟ್ ಡಬಲ್‌ನಲ್ಲಿ, ಅಂದರೆ ತೂಕದ ಮಿತಿಯಿರುವ ಇಬ್ಬರ ದೋಣಿಯಲ್ಲಿ, ಕೂರಿಸಿದರು. ಗಂಡಸರಲ್ಲಿ ಯಾರೂ 72.5 ಕೆಜಿ ದಾಟಬಾರದು, ಇಬ್ಬರ ಸರಾಸರಿ 70 ಮೀರಬಾರದು. ಅಂದರೆ ಇಬ್ಬರಿಗೂ ಸೇರಿ 140. ಗೆಳೆಯ ಆರಡಿ ಎರಡಂಗುಲ. ಎಷ್ಟು ಒಣಗಿದರೂ 72ರ ಕೆಳಗೆ ಇಳಿಯಲಾರ. ಹಾಗಾಗಿ ನನ್ನ ಪಾಲಿಗೆ ಉಳಿದದ್ದು 68. ಆಗ ನಾನು 73 ಇದ್ದೆ. ಅವನು ಒಂದು ಲೋಟ ನೀರು ಜಾಸ್ತಿ ಕುಡಿದರೆ ನಾನು ಒಂದು ಲೋಟ ಬಿಡಬೇಕು!

ಮೊದಲ ಸಲ ಪೆದ್ದು ಕೆಲಸ ಮಾಡಿದೆ. ಎಲ್ಲವನ್ನೂ ಕೊನೆಯ ವಾರಗಳಿಗೆ ಬಿಟ್ಟೆ. ಕೊನೆಯ ಎರಡು ದಿನ ಉಪ್ಪಿಲ್ಲ, ನೀರೂ ಗುಟುಕು ಲೆಕ್ಕ. ರೇಸಿನ ಬೆಳಗ್ಗೆ ಇನ್ನೂ 400 ಗ್ರಾಂ ಹೆಚ್ಚಿದ್ದೆ. ಎರಡು ಮಳೆ ಜಾಕೆಟ್ ಏರಿಸಿಕೊಂಡು ರೇಸ್ ನಡೆಯುವ ಬೋಸ್‌ಬಾನ್ ಕೆರೆಯುದ್ದಕ್ಕೂ ಓಡಿದೆ. ತಲೆ ಮೇಲೆ ಸ್ಕಿಪೋಲ್ ನಿಲ್ದಾಣದ ವಿಮಾನಗಳು, ಒಳಗೆ ಬೆವರು. ತಕ್ಕಡಿಯಲ್ಲಿ ಇಬ್ಬರೂ ಸೇರಿ 139.9. ಗೆದ್ದೇಬಿಟ್ಟೆವು ಅನ್ನುವ ಹಾಗೆ ಅಪ್ಪಿಕೊಂಡೆವು.

ತೂಕ ನೋಡುವುದು ರೇಸಿಗೆ ಎರಡು ಗಂಟೆಯಿಂದ ಒಂದು ಗಂಟೆ ಮುಂಚೆ. ಒಣಗಿದ ಮೈ ಅಷ್ಟರಲ್ಲಿ ಚೇತರಿಸಿಕೊಳ್ಳುತ್ತದಾ? 2000 ಮೀಟರ್‌ನಲ್ಲಿ 1200ರವರೆಗೆ ಮೂರನೆಯವರಾಗಿದ್ದೆವು. ಆಮೇಲೆ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಕೊನೆಯವರಾಗಿ ಮುಟ್ಟಿದೆವು. ಸೈಕಲ್ಲಿನಲ್ಲಿ ಮನೆ ಸೇರುವವರೆಗೂ ಗೆಳೆಯ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮುಂದಿನ ವರ್ಷ ಹತ್ತು ವಾರ ತೆಗೆದುಕೊಂಡೆ. ವಾರಕ್ಕೆ ಅರ್ಧ ಕೆಜಿ. ಅನ್ನ ಬಿಡಲಿಲ್ಲ. ಬಿಯರ್, ಚೀಸ್, ಕರಿದದ್ದು ಬಿಟ್ಟೆ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ತೂಕ ಬರೆದಿಟ್ಟು, ವಾರದ ಸರಾಸರಿ ಮಾತ್ರ ನೋಡುತ್ತಿದ್ದೆ. ದಿನದ ಲೆಕ್ಕ ನೋಡಿದರೆ ಹುಚ್ಚು ಹಿಡಿಯುತ್ತದೆ. ರೇಸಿನ ದಿನ ತಕ್ಕಡಿಯಿಂದ ಇಳಿದ ಕೂಡಲೇ ಉಪ್ಪು ಹಾಕಿದ ಮೊಸರನ್ನದ ಡಬ್ಬಿ ತೆಗೆದೆ.

"ಅನ್ನಕ್ಕೆ ಮೊಸರಾ?" ಅಂದ ಗೆಳೆಯ. ಅವನ ಕೈಯಲ್ಲಿ ಬೆಣ್ಣೆ ಸವರಿ ಚಾಕೊಲೇಟ್ ಕಾಳು ಉದುರಿಸಿದ ಬ್ರೆಡ್ಡು. ನಾನು ಸುಮ್ಮನೆ ಅದನ್ನೇ ನೋಡಿದೆ. ಆ ದಿನ ನಾಲ್ಕನೆಯವರಾದೆವು, ಕೊನೆಯವರೆಗೂ ಕಾಲಲ್ಲಿ ಕಸುವಿತ್ತು.

ಡಚ್ಚರಿಗೆ ಈ ವಿಭಾಗದ ಮೇಲೆ ಅಕ್ಕರೆ ಇದ್ದದ್ದು ಸುಮ್ಮನೆ ಅಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಕಿರ್ಸ್ಟನ್ ವಾನ್ ಡರ್ ಕೋಲ್ಕ್ ಮತ್ತು ಮಾರಿಟ್ ವಾನ್ ಯೂಪನ್, 2016ರಲ್ಲಿ ರಿಯೋದಲ್ಲಿ ಇಲ್ಸ ಪೌಲಿಸ್ ಮತ್ತು ಮಾಯ್ಕ ಹೆಡ್ ಹೆಂಗಸರ ಲೈಟ್‌ವೇಟ್ ಡಬಲ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. 2024ರ ಪ್ಯಾರಿಸ್ ನಂತರ ಒಲಿಂಪಿಕ್ಸ್‌ನಿಂದ ಲೈಟ್‌ವೇಟ್ ತೆಗೆದುಹಾಕಿದ್ದಾರೆ. ಹಸಿದು ಓಡಿದ ಆ ಬೆಳಗ್ಗೆ ನೆನೆದರೆ ಒಳ್ಳೇದೇ ಆಯ್ತು ಅನಿಸುತ್ತದೆ. ಆದರೆ 95 ಕೆಜಿಯ ದೈತ್ಯರ ಪಕ್ಕ ನನ್ನಂಥ ಐದಡಿ ಎಂಟಂಗುಲದವನಿಗೆ ಬೇರೆ ಜಾಗ ಎಲ್ಲಿದೆ?

ಈಗ ಅವನು 79, ನಾನು 74. ಭಾನುವಾರ ಅದೇ ದೋಣಿ ಇಳಿಸುತ್ತೇವೆ. ನೀರಿನಲ್ಲಿ ಅದು ಮೊದಲಿಗಿಂತ ಕೊಂಚ ಕೆಳಗೆ ಕೂರುತ್ತದೆ.