ದೋಣಿಗೆ ಕಟ್ಟಿ ಬಿಚ್ಚುವ ನೆರಳು

ಗದಗ ಜಿಲ್ಲೆಯ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆ ಬಿಸಿಲು ಎಂದರೆ ಏನು ಅಂತ ಬೇರೆಯವರು ಹೇಳಬೇಕಿಲ್ಲ. ತುಂಗಭದ್ರೆ ಇಲ್ಲಿ ಅಗಲವಾಗಿ ಹರಡಿಕೊಂಡಿದ್ದಾಳೆ. ದಡದ ಮರದ ನೆರಳು ನೀರಿನ ನಡುವೆ ಇರುವವರಿಗೆ ಎಲ್ಲಿಂದ ಬರಬೇಕು? ರಾತ್ರಿ ಹಾಸಿದ ಬಲೆಯನ್ನು ಬೆಳಕು ಹರಿಯುವಾಗ ಎಳೆದುಕೊಳ್ಳುತ್ತೇವೆ. ಎಳೆಯುವ ಕೆಲಸ ಬೇಗ ಮುಗಿಯುತ್ತದೆ. ಮೀನು ಬಿಡಿಸುವುದೇ ತಡ. ಜಿಲೇಬಿ ಮೀನು ಸಿಕ್ಕಿದ್ದರಂತೂ ಕೇಳಲೇಬೇಡಿ. ಅದರ ಬೆನ್ನಿನ ಮುಳ್ಳು ಬಲೆಯ ಕಣ್ಣಿಗೆ ಸಿಕ್ಕಿಕೊಂಡರೆ ಒಂದೊಂದಾಗಿ ಎಳೆ ಸರಿಸಿ ತೆಗೆಯಬೇಕು, ಅವಸರ ಮಾಡಿದರೆ ಬೆರಳಿಗೆ ಚುಚ್ಚುತ್ತದೆ. ಇದೆಲ್ಲ ಮುಗಿಯುವಷ್ಟರಲ್ಲಿ ಹೊತ್ತು ಏರಿರುತ್ತದೆ.

ನೆರಳು ಮನುಷ್ಯನಿಗಷ್ಟೇ ಅಲ್ಲ, ಮೀನಿಗೂ ಬೇಕು. ಬಿಸಿಲಿಗೆ ಬಿದ್ದ ಮೀನು ಬೇಗ ಮೆತ್ತಗಾಗುತ್ತದೆ, ಕಿವಿರಿನ ಕೆಂಪು ಮಾಸುತ್ತದೆ. ಕೊಳ್ಳುವವರು ಮೊದಲು ನೋಡುವುದೇ ಕಿವಿರು, ಅಲ್ವಾ? ಒದ್ದೆ ಗೋಣಿಚೀಲ ಹೊದಿಸಿದರೂ ಬಿಸಿಲಲ್ಲಿ ಅದು ಬೇಗ ಒಣಗುತ್ತದೆ.

ನನ್ನದು 14 ಅಡಿ ಉದ್ದ, 4 ಅಡಿ ಅಗಲದ ಫೈಬರ್ ದೋಣಿ. ಅದಕ್ಕೆ ಚಪ್ಪರ ಹಾಕುವ ಮಾತು ತೆಗೆದಾಗ ನಮ್ಮ ಕಾಕಾ ಹೇಳಿದ್ದು ಒಂದೇ ಮಾತು: "ತಮ್ಮಾ, ನೆಳ್ಳು ಮಾಡೋದೇನ ದೊಡ್ಡದಲ್ಲ. ಗಾಳಿ ಎದ್ದಾಗ ಅದನ್ನ ಎಷ್ಟ ಲಗೂ ತಗೀತಿ, ಅದನ್ನ ಮೊದ್ಲ ಹೇಳು." ನಾನು ಮಾಡಿದ್ದೆಲ್ಲ ಈ ಮಾತಿನ ಮೇಲೆಯೇ ನಿಂತಿದೆ. ಕಪ್ಪತಗುಡ್ಡದ ಕಡೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಸಣ್ಣ ದೋಣಿಯ ಮೇಲೆ ಎತ್ತರದ ಚಪ್ಪರ ಇದ್ದರೆ ಅದೇ ಹಾಯಿಯಾಗಿ ದೋಣಿಯನ್ನು ಮಗುಚಬಹುದು.

ಅದಕ್ಕೇ ಎರಡು ವಿಷಯ ಮೊದಲೇ ಗಟ್ಟಿ ಮಾಡಿಕೊಂಡೆ. ಒಂದು, ತಾಡಪತ್ರಿ ಬೇಡ, ಗಾಳಿ ತೂರಿ ಹೋಗುವ ಶೇಡ್ ನೆಟ್ ಸಾಕು. ಇನ್ನೊಂದು, ನಿಂತವರಿಗೆ ನೆರಳು ಬೇಡ, ಕೂತವರಿಗೆ ಸಾಕು.

ಚಪ್ಪಟೆ ಚಾವಣಿ ಬದಲು ಕಮಾನು ಆರಿಸಿದ್ದಕ್ಕೂ ಕಾರಣ ಇದೆ. ನಮ್ಮ ಕಡೆ ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಸೂರ್ಯ ಹೆಚ್ಚುಕಡಿಮೆ 45 ಡಿಗ್ರಿ ಮೇಲೆ ಇರುತ್ತಾನೆ. ಆಗ ಚಾವಣಿ ಎಷ್ಟು ಎತ್ತರದಲ್ಲಿದೆಯೋ ನೆರಳು ಅಷ್ಟೇ ದೂರ ಪಕ್ಕಕ್ಕೆ ಸರಿಯುತ್ತದೆ. 4 ಅಡಿ ಅಗಲದ ಚಾವಣಿಯನ್ನು 4 ಅಡಿ ಎತ್ತರದಲ್ಲಿ ಕಟ್ಟಿದರೆ ನೆರಳು ಪೂರಾ ನೀರಿನ ಪಾಲು. ಎಲ್ಲಮ್ಮನ ಜಾತ್ರೆಗೆ ಹೊರಟ ಚಕ್ಕಡಿಗೆ ಕಟ್ಟುತ್ತಾರಲ್ಲ, ಹಾಗೆ ಪಕ್ಕಕ್ಕೂ ಇಳಿಯುವ ಕಮಾನು ಇದ್ದರೆ ಓರೆ ಬಿಸಿಲೂ ತಡೆಯುತ್ತದೆ. ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಆಗಲೂ ಇದು ಸಾಕು.

ಕೆಲಸದ ಜೀವ ಇರುವುದು ಪೈಪಿನಲ್ಲಿ. ಮೂರು ಅಳತೆಯ ಪೈಪು ಒಂದರೊಳಗೆ ಒಂದು ಕೂರಬೇಕು. ಹೊರಗೆ ಒಂದು ಇಂಚಿನ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು), ಅದರೊಳಗೆ ಮುಕ್ಕಾಲು ಇಂಚಿನ ಜಿಐ ಪೈಪು, ಅದರೊಳಗೆ ಕರೆಂಟ್ ವೈರಿಂಗಿಗೆ ಬಳಸುವ 20 ಎಂಎಂ ಪಿವಿಸಿ ಪೈಪು, ದಪ್ಪನೆಯದು. ಮುಕ್ಕಾಲು ಇಂಚಿನ ಪೈಪಿನ ಹೊರ ಅಳತೆ ಸುಮಾರು 27 ಎಂಎಂ. ಇಂಚಿನ ಲೆಕ್ಕ ಬರೀ ಹೆಸರಿಗೆ. ಒಂದು ಇಂಚಿನದು ಮೀಡಿಯಂ ಕ್ಲಾಸ್, ಅಂದರೆ ಗೋಡೆ ದಪ್ಪ ಇರುವುದು ಆದರೆ ಒಳಗೆ ಹೋಗುವಾಗ ಬಿಗಿಯಾಗಿ ಹಿಡಿಯುತ್ತದೆ, ಗೋಡೆ ತೆಳುವಾದ ಲೈಟ್ ಕ್ಲಾಸ್ ಆದರೆ ಸಲೀಸಾಗಿ ಇಳಿಯುತ್ತದೆ. ಮುಕ್ಕಾಲಿನದೂ ಲೈಟೇ ಇರಲಿ, ಪಿವಿಸಿ ಸುಲಭವಾಗಿ ಕೂರುತ್ತದೆ. ಅಂಗಡಿಯಲ್ಲೇ ತುಂಡು ಹಾಕಿ ನೋಡಿ ತೆಗೆದುಕೊಳ್ಳಿ. ನೀರಿನ ಮೇಲೆ ಹೋಗಿ ಪೈಪು ಕಚ್ಚಿಕೊಂಡರೆ ತೆಗೆಯುವ ದಾರಿ ಇಲ್ಲ.

ಒಂದು ಇಂಚಿನ ಪೈಪನ್ನು ಅರ್ಧ ಅಡಿಯಂತೆ ಆರು ತುಂಡು ಮಾಡಿ, ಒಂದೊಂದನ್ನೂ ಕಬ್ಬಿಣದ ಪಟ್ಟಿಗೆ ವೆಲ್ಡ್ ಮಾಡಿಸಿದೆ. ವೆಲ್ಡ್ ಮಾಡುವ ಜಾಗದಲ್ಲಿ ಪೈಪಿನ ಸತುವಿನ ಲೇಪವನ್ನು ಮೊದಲು ಗ್ರೈಂಡರ್‌ನಿಂದ ಕೆರೆಯಲೇಬೇಕು, ಕೆಲಸ ಬಯಲಲ್ಲೇ ಆಗಬೇಕು. ಸತು ಸುಟ್ಟ ಬಿಳಿ ಹೊಗೆ ಕುಡಿದರೆ ಜ್ವರ, ಚಳಿ ಬರುತ್ತದೆ. ಆಮೇಲೆ ಆ ಜಾಗಕ್ಕೆ ರೆಡ್ ಆಕ್ಸೈಡ್ ಹಚ್ಚಿ ಪೇಂಟ್ ಮಾಡಿದೆ. ಕೆಳಗಿನ ಬಾಯಿ ಮುಚ್ಚಿಸಲಿಲ್ಲ, ನೀರು ನಿಲ್ಲದೆ ಇಳಿದು ಹೋಗಲಿ ಅಂತ.

ಈ ಆರು ಹಿಡಿಕೆಗಳು ದೋಣಿಯ ಅಂಚಿನ ಒಳಮೈಗೆ, ಹಿಂಭಾಗದ 6 ಅಡಿಯಲ್ಲಿ, ಮೂರು ಅಡಿಗೊಂದರಂತೆ ಎರಡೂ ಕಡೆ ಬರುತ್ತವೆ. ಮುಂಭಾಗ ಪೂರಾ ಖಾಲಿ. ಬಲೆ ಎಳೆಯುವುದು, ಬೀಸುಬಲೆ ಬೀಸುವುದು, ಹುಟ್ಟು ಹಾಕುವುದು ಎಲ್ಲ ಅಲ್ಲೇ. ಫೈಬರ್‌ಗೆ ತೂತು ಹಾಕುವಾಗ ಗುರುತಿನ ಮೇಲೆ ಟೇಪ್ ಅಂಟಿಸಿ, ಡ್ರಿಲ್ ನಿಧಾನಕ್ಕೆ ಬಿಟ್ಟರೆ ಮೇಲಿನ ಪದರ ಸೀಳುವುದಿಲ್ಲ. ತೂತು ನೀರಿನ ಮಟ್ಟಕ್ಕಿಂತ ಚೆನ್ನಾಗಿ ಮೇಲಿರಲಿ, ಅದೂ ಆಳು, ಮೀನು, ಬಲೆ ಎಲ್ಲ ತುಂಬಿದ ದೋಣಿಯ ಮಟ್ಟ. ಬೋಲ್ಟಿನ ಹೊರಗಡೆಗೂ ಒಂದು ಪಟ್ಟಿ ಕೊಟ್ಟು, ಸಿಲಿಕಾನ್ ತುಂಬಿ, ಸ್ಟೀಲ್ ಬೋಲ್ಟಿಗೆ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ಸಡಿಲವಾಗದ ನಟ್) ಬಿಗಿದೆ. ಬರೀ ನಟ್ ಮೇಲೆ ಭಾರ ಬಿದ್ದರೆ ಫೈಬರ್ ಬಿರುಕು ಬಿಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಫೈಬರ್ ಪುಡಿಯ ತುರಿಕೆ ಬೇಗ ಬಿಡುವುದಿಲ್ಲ.

ಮುಕ್ಕಾಲು ಇಂಚಿನ ಕಂಬಗಳು ತಲಾ 2 ಅಡಿ. ಅರ್ಧ ಅಡಿ ಹಿಡಿಕೆಯೊಳಗೆ, ಒಂದೂವರೆ ಅಡಿ ಮೇಲೆ. 10 ಅಡಿಯ ಪಿವಿಸಿ ಪೈಪಿನ ತುದಿಯನ್ನು ಒಂದು ಕಡೆಯ ಕಂಬದೊಳಗೆ ಒಂದಡಿ ಇಳಿಸಿ, ಬಗ್ಗಿಸಿ, ಇನ್ನೊಂದು ತುದಿಯನ್ನು ಎದುರಿನ ಕಂಬಕ್ಕೆ ಇಳಿಸಿದರೆ ಕಮಾನು ತಾನೇ ನಿಲ್ಲುತ್ತದೆ. ಹೆಚ್ಚಿಗೆ ಇದ್ದದ್ದನ್ನು ಕತ್ತರಿಸಿದೆ. ಬಿಸಿ ಮಾಡುವ ಅಗತ್ಯ ಬೀಳಲಿಲ್ಲ. ಕಂಬ ಮೇಲೆದ್ದು ಬರದಂತೆ ಹಿಡಿಕೆ, ಕಂಬ ಎರಡಕ್ಕೂ ಸೇರಿಸಿ ತೂತು ಹಾಕಿ ಪಿನ್ ಕೊಟ್ಟಿದ್ದೇನೆ. ಟ್ರ್ಯಾಕ್ಟರ್ ಹಿಂದೆ ರೆಂಟೆ ಸಿಗಿಸುವಾಗ ಹಾಕುತ್ತಾರಲ್ಲ, ರಿಂಗ್ ಇರುವ ಪಿನ್, ಅಂಥದ್ದೇ ಸಣ್ಣದು. ಒಂದೊಂದಕ್ಕೂ ದಾರ ಕಟ್ಟಿದೆ. ಕೈಜಾರಿದರೆ ನೀರಿಗೆ ಹೋಗಬಾರದಲ್ಲ. ಮೂರೂ ಕಮಾನಿನ ನೆತ್ತಿಗೆ ಒಂದೇ ನೈಲಾನ್ ಹಗ್ಗ ಸುತ್ತಿ ಮುಂದಿನ ಕೊಂಡಿಗೂ ಹಿಂದಿನ ಕೊಂಡಿಗೂ ಬಿಗಿದರೆ ಕಮಾನುಗಳು ಹಿಂದೆ ಮುಂದೆ ವಾಲುವುದಿಲ್ಲ.

ರಾಣೆಬೆನ್ನೂರು ಕಡೆ ತರಕಾರಿ ಬೀಜ ಬೆಳೆಯುವ ನಮ್ಮ ಬೀಗರ ಹೊಲದಲ್ಲಿ ಶೇಡ್ ನೆಟ್ ಉಳಿದಿತ್ತು, 75 ಪರ್ಸೆಂಟಿನದು, ಅಂದರೆ ಬಿಸಿಲಿನಲ್ಲಿ ಅಷ್ಟು ಪಾಲು ತಡೆಯುವಂಥದ್ದು. 50 ಪರ್ಸೆಂಟಿನದು ನಮ್ಮ ಬಿಸಿಲಿಗೆ ಸಾಲದು. 90 ಆದರೆ ಗಾಳಿ ಜಾಸ್ತಿ ಹಿಡಿಯುತ್ತದೆ. ಅಂಚನ್ನು ಹಾಗೇ ಬಿಟ್ಟರೆ ಎಳೆ ಬಿಚ್ಚಿಕೊಂಡು ಗಾಳ, ಬಲೆ ಎಲ್ಲದಕ್ಕೂ ತೊಡರುತ್ತದೆ. ತಾಡಪತ್ರಿ ಹೊಲಿಯುವವರ ಹತ್ತಿರ ಸುತ್ತಲೂ ಹಳೇ ತಾಡಪತ್ರಿಯ ಪಟ್ಟಿ ಮಡಿಸಿ ನೈಲಾನ್ ದಾರದಲ್ಲಿ ಹೊಲಿಸಿ, ಹಿತ್ತಾಳೆ ರಿಂಗ್ ಹೊಡೆಸಿದೆ.

ಇನ್ನು ಕಾಕಾ ಕೇಳಿದ ಪ್ರಶ್ನೆ. ನೆಟ್ಟಿನ ಹಿಂಭಾಗವನ್ನು ಹಿಂದಿನ ಕಮಾನಿಗೆ ಕಾಯಂ ಹೆಣೆದಿದ್ದೇನೆ. ಬಿಚ್ಚುವುದು ನಾಲ್ಕೇ ಗಂಟು: ಮುಂದಿನ ಕಮಾನಿನ ಎರಡು, ನಡುವಿನ ಕಂಬಗಳ ಎರಡು. ನಾಲ್ಕೂ ಜಾರುಗಂಟು, ನಾಲ್ಕರ ತುದಿಯೂ ಕೂತಲ್ಲಿಂದಲೇ ಕೈಗೆ ಸಿಗುತ್ತದೆ. ಎಳೆದು ನೆಟ್ಟನ್ನು ಹಿಂದಕ್ಕೆ ತಳ್ಳಿ ಒಂದು ಸುತ್ತು ಕಟ್ಟಿದರೆ ಉಳಿಯುವುದು ಬರೀ ಕಮಾನು. ಅದು ಹೆಚ್ಚು ಗಾಳಿ ಹಿಡಿಯುವುದಿಲ್ಲ. ದಡದ ಹತ್ತಿರ ನೆಟ್ಟಿನ ಮೇಲೆ ನೀರು ಎರಚಿ ಒದ್ದೆ ಮಾಡಿ ಇದನ್ನು ಮೊದಲು ರೂಢಿ ಮಾಡಿಕೊಂಡೆ. ಒದ್ದೆ ಹಗ್ಗದಲ್ಲಿ ಗಂಟು ಬೇರೆ ಥರ ಹಿಡಿಯುತ್ತದೆ.

ಅಡ್ಡಮಳೆಯ ದಿನಗಳಲ್ಲಿ, ಅಶ್ವಿನಿ ಭರಣಿ ಹೊತ್ತಿನಲ್ಲಿ, ಮಧ್ಯಾಹ್ನದ ಮೇಲೆ ಮೋಡ ಕಟ್ಟಿತೆಂದರೆ ನೆಟ್ ಬಿಚ್ಚಿ ದಡಕ್ಕೆ ಬರುವುದೇ. ಗುಡುಗು ಕೇಳಿದ ಮೇಲೆ ಬಯಲು ನೀರಿನಲ್ಲಿ ಒಂದು ನಿಮಿಷವೂ ಇರಬೇಡಿ, ಚಪ್ಪರ ಇರಲಿ ಬಿಡಲಿ. ಆಷಾಢದ ಗಾಳಿಗೆ ನಾನು ಕಂಬಗಳನ್ನೂ ಮನೆಯಲ್ಲೇ ಬಿಡುತ್ತೇನೆ.

ಚಪ್ಪರ ಬಂತು ಅಂತ ಟೋಪಿ, ಟವೆಲ್ ಬಿಡಬೇಡಿ. ನೀರಿನಿಂದ ಪುಟಿದ ಬೆಳಕು ಕೆಳಗಿನಿಂದ ಬಂದು ಕಣ್ಣಿಗೆ ಹೊಡೆಯುತ್ತದೆ. ಹರಿಗೋಲು ಇಟ್ಟುಕೊಂಡವರು ಕೆಲವರು ಇದನ್ನೇ ಹಾಕಬಹುದಾ ಅಂತ ಕೇಳಿದರು. ಬೇಡ ಅಂದೆ. ಅದು ತಿರುಗುತ್ತದೆ, ನೆರಳು ಒಂದು ಕಡೆ ನಿಲ್ಲುವುದಿಲ್ಲ, ಬಿದಿರಿನ ಅಂಚಿಗೆ ಬೋಲ್ಟೂ ಕೂರುವುದಿಲ್ಲ. ಅಲ್ಲಿ ದೊಡ್ಡ ಅಂಚಿನ ಟೋಪಿಯೇ ಲೇಸು.

ಪಿವಿಸಿ ಪೈಪು ಬಿಸಿಲಿಗೆ ಬರಬರುತ್ತಾ ಪೆಡಸಾಗುತ್ತದೆ. ಬಗ್ಗಿಸುವಾಗ ಬಿಳಿ ಗೆರೆ ಕಂಡರೆ ಆ ಪೈಪು ಬದಲಿಸಿ. ನೆಟ್ಟನ್ನು ದೋಣಿಯಲ್ಲೇ ಬಿಡದೆ ಮನೆಗೆ ತಂದು ಮೀನಿನ ಲೋಳೆ ತೊಳೆದು ತೂಗುಹಾಕಿ. ವಾಸನೆ ಉಳಿದರೆ ಇಲಿ ಮೊದಲು ಕಡಿಯುವುದು ಆ ಹೊಲಿಗೆಯನ್ನೇ.