ಪಿಓಸಿ ಕಲ್ಚರಲ್ಲಿ ಬರೀ ಎಕ್ಸ್‌ಎಕ್ಸ್ ಯಾಕೆ ಬರ್ತಿತ್ತು: ನನ್ನ ಅನುಭವ

ಅಬಾರ್ಶನ್ ಆದ ಟಿಶ್ಯೂ (ಅದೇ ಪಿಓಸಿ) ಕಲ್ಚರ್ ಮಾಡೋರಿಗೆ, ಅಂದ್ರೆ ಅದರ ಸೆಲ್ ಬೆಳೆಸಿ ಕ್ರೋಮೋಸೋಮ್ ನೋಡೋರಿಗೆ ಮಾತ್ರ ಇದು, ಕ್ಯಾರಿಯೋಟೈಪ್ (ಕ್ರೋಮೋಸೋಮ್ ಎಣಿಸಿ ಜೋಡಿಸೋದು) ಹೇಗೆ ಅಂತೆಲ್ಲ ಬರೆಯೋಕೆ ಕೂರಲ್ಲ. ಮೈಸೂರಲ್ಲಿ, ಗಂಗೋತ್ರೀಲಿ, ಹಣ್ಣಿನ ನೊಣದ ಕ್ರೋಮೋಸೋಮ್ ನೋಡ್ಕೊಂಡು ಐದು ವರ್ಷ ಕಳೆದು 2003ರಲ್ಲಿ ಮುಂಬೈಗೆ ಬಂದವಳು ನಾನು. ಪರೇಲ್ ಹತ್ರ ಸಣ್ಣ ಲ್ಯಾಬು, ನಾಲ್ಕು ಜನ, ಕಲ್ಚರ್ ಹಾಕೋಕೆ ಒಂದೇ ಹುಡ್ (ಶುದ್ಧ ಗಾಳಿಯ ಪೆಟ್ಟಿಗೆ).

ಮೊದಲೆರಡು ವರ್ಷ ಹೇಳ್ಕೊಳ್ಳೋ ಹಾಗಿಲ್ಲ. ಮಳೆಗಾಲ ಬಂತು ಅಂದ್ರೆ ಫ್ಲಾಸ್ಕಲ್ಲಿ ಫಂಗಸ್ಸು. ಒಂದ್ಸಲ ಹೊಸದಾಗಿ ಓಪನ್ ಮಾಡಿದ, ಸೆಲ್ ಬೆಳೆಸೋಕೆ ಹಾಕೋ ಸೀರಮ್ ಬಾಟಲೇ ಕೆಟ್ಟು ಹದಿನೆಂಟು ಸಾವಿರ ಚಿಲ್ಲರೆ ಸಿಂಕಿಗೆ ಹೋಯ್ತು, ನನ್ನ ಸಂಬಳಕ್ಕಿಂತ ಜಾಸ್ತಿ. ಇನ್ನು ಓಟಿಯಿಂದ ಫಾರ್ಮಲಿನಲ್ಲಿ ಹಾಕಿ ಕಳಿಸೋರು ತಿಂಗಳಿಗೆ ಮೂರ್ನಾಲ್ಕು ಇರ್ತಿದ್ರು, ಸತ್ತ ಸೆಲ್ ಯಾವ ದೇವರು ಬಂದ್ರೂ ಬೆಳೆಯಲ್ಲ. ಬೆಳೀಲಿಲ್ಲ ಅಂದ್ರೆ ಪಾರ್ಟಿಗೆ ದುಡ್ಡು ವಾಪಸ್, ಅದು ಬಾಸ್ ಮಾಡಿದ ರೂಲು. ಹಾಗಾಗಿ ಏನೋ ಒಂದು ಬೆಳೆದ್ರೆ ಸಾಕು ಅನ್ನೋ ಸ್ಥಿತಿ.

ಬೆಳೀತಿದ್ದಿದ್ದು ಏನು ಅಂತ ಯಾರೂ ಕೇಳಲಿಲ್ಲ. ಲಿಂಗ ರಿಪೋರ್ಟಲ್ಲಿ ಬರೀತಿರಲಿಲ್ಲ, ಮಹಾರಾಷ್ಟ್ರದಲ್ಲಿ ಭ್ರೂಣದ ಲಿಂಗ ಪತ್ತೆ ತಡೆಯೋ ಕಾನೂನು 1988ರಲ್ಲೇ ಬಂದಿತ್ತು, ದೇಶದ್ದು 1994ರಲ್ಲಿ, ನಮ್ಮ ಲ್ಯಾಬಲ್ಲಂತೂ ಆ ವಿಷಯಕ್ಕೆ ಎಲ್ಲರಿಗೂ ಹೆದರಿಕೆ, ಹಾಗಾಗಿ ಪಿಓಸಿ ಆದ್ರೂ ಸುಮ್ನೆ ನಾರ್ಮಲ್ ಅಂತ ಹೋಗ್ತಿತ್ತು. ಒಂದು ಭಾನುವಾರ ಹಳೇ ವರ್ಕ್‌ಶೀಟ್ ತೆಗೆದು ಕೂತೆ. ಬೆಳೆದಿದ್ದು ಸುಮಾರು 60, ಅದರಲ್ಲಿ ನಾರ್ಮಲ್ 44, ಆ 44ರಲ್ಲಿ ಎಕ್ಸ್‌ವೈ, ಅಂದ್ರೆ ಗಂಡು, ಬರೀ 6, ಉಳಿದ 38 ಎಕ್ಸ್‌ಎಕ್ಸ್, ಹೆಣ್ಣು. ಮುಂಬೈಲಿ ನಿಲ್ಲದೇ ಹೋಗೋದೆಲ್ಲ ಹೆಣ್ಣು ಪಿಂಡಾನೇನಾ? ಮೊದಲ ಮೂರು ತಿಂಗಳಲ್ಲಿ ಹೋಗೋದ್ರಲ್ಲಿ ಅರ್ಧಕ್ಕೆ ಕ್ರೋಮೋಸೋಮ್ ತೊಂದರೆ ಇರ್ಬೇಕು, ನಮ್ಮಲ್ಲಿ 60ಕ್ಕೆ 16, ಕಾಲು ಭಾಗಕ್ಕಿಂತ ಚೂರು ಜಾಸ್ತಿ ಅಷ್ಟೇ. ನಾವು ಬೆಳೆಸ್ತಿದ್ದಿದ್ದು ಪಿಂಡದ್ದಲ್ಲ, ಟಿಶ್ಯೂ ಜೊತೆ ಬಂದ ತಾಯಿ ಸೆಲ್ಲು!

ಬಾಸ್ ನಗ್ತಾ ತಳ್ಳಿ ಹಾಕಿದ್ರು. ಡಿಎನ್‌ಎ ಮಾಡ್ಸಿ ತೋರಿಸೋಣ ಅಂದ್ರೆ ದುಡ್ಡು ಯಾರು ಕೊಡ್ತಾರೆ. ಪದೇ ಪದೇ ಅಬಾರ್ಶನ್ ಆದೋರದ್ದು ಗಂಡ ಹೆಂಡ್ತಿ ಇಬ್ಬರ ಸ್ಲೈಡೂ ಹೇಗೂ ನಮ್ಮ ಡಬ್ಬೀಲೇ ಇರುತ್ತಲ್ಲ, ಅವನ್ನೇ ಸಿ-ಬ್ಯಾಂಡಿಂಗ್ (ಕ್ರೋಮೋಸೋಮಿನ ಕೆಲವು ಭಾಗ ಮಾತ್ರ ಗಾಢವಾಗಿ ಕಾಣೋ ಬಣ್ಣ) ಮಾಡಿದೆ. 9ನೇ ಕ್ರೋಮೋಸೋಮಲ್ಲಿ ಇನ್ವರ್ಷನ್ನೋ (ತಿರುಗಿ ಕೂತ ತುಂಡು), 16ನೇದರಲ್ಲಿ ದಪ್ಪ ಹೆಟೆರೋಕ್ರೊಮ್ಯಾಟಿನ್ನೋ (ಆ ಗಾಢ ಭಾಗ), ಇಂಥ ಗುರುತು ಇದ್ದ ತಾಯಂದಿರು 5 ಜನ ಸಿಕ್ಕಿದ್ರು. ಮಗುಗೆ ಬರೋದು ಅರ್ಧ ಚಾನ್ಸು, ಇಲ್ಲಿ ಅವರ ಪಿಓಸಿ ಕಲ್ಚರ್ 5ಕ್ಕೆ 5ರಲ್ಲೂ ಗುರುತು ಇತ್ತು. ಖರ್ಚು ಅಂದ್ರೆ ಬೇರಿಯಂ ಹೈಡ್ರಾಕ್ಸೈಡ್ ಮತ್ತೆ ನನ್ನ ಭಾನುವಾರಗಳು. ಆದ್ರೂ ಬಾಸ್ ಒಪ್ಪಲಿಲ್ಲ, ವಿಲ್ಲೈ (ಪಿಂಡದ ಕಡೆಯ ಮಾಸಿನ ಸಣ್ಣ ಕವಲುಗಳು) ಆರಿಸ್ತಾ ಗಂಟೆಗಟ್ಟಲೆ ಕೂತ್ರೆ ಉಳಿದ ಕೆಲಸ ಯಾರು ಮಾಡೋರು ಅಂತ.

ನಾನು ಕೂತೇಬಿಟ್ಟೆ. ರಕ್ತ ಪೂರ್ತಿ ಹೋಗೋವರೆಗೂ ಸಲೈನ್ ವಾಶ್, ಹತ್ತು ಹದಿನೈದು ಸಲ. ಆಮೇಲೆ ಡಿಸೆಕ್ಟಿಂಗ್ ಮೈಕ್ರೋಸ್ಕೋಪ್ ಕೆಳಗೆ ವಾಚ್ ರಿಪೇರಿ ಚಿಮಟ ಹಿಡ್ಕೊಂಡು ಒಂದೊಂದೇ. ವಿಲ್ಲೈ ನೀರಲ್ಲಿ ಬಿಳೀ ಪಾಚಿ ಥರ ಕವಲು ಬಿಡಿಸ್ಕೊಂಡು ತೇಲುತ್ತೆ, ತುದೀಲಿ ಸಣ್ಣ ಮೊಗ್ಗು. ತಾಯಿ ಕಡೇದು ಹರಿದ ಹಾಲಿನ ಕೆನೆ ಥರ, ಕವಲೇ ಇರಲ್ಲ. ಅನುಮಾನ ಬಂದ್ರೆ ಬಿಸಾಕಿ, ಕಡಿಮೆ ಆಯ್ತು ಅಂತ ಸೇರಿಸ್ಬೇಡಿ. ಮತ್ತೆ ಹದಿನೈದು ದಿನ ಬಿಡಬೇಡಿ, 7-8 ದಿನಕ್ಕೆ ಕಾಲೊನಿ (ಸೆಲ್ ಗುಂಪು) ಕಂಡ್ರೆ ಹಾರ್ವೆಸ್ಟ್ ಮಾಡಿ, ಅಂದ್ರೆ ಸೆಲ್ ತೆಗೆದು ಸ್ಲೈಡಿಗೆ ರೆಡಿ ಮಾಡಿ, ಜಾಸ್ತಿ ಬಿಟ್ಟಷ್ಟೂ ತಾಯಿ ಸೆಲ್ಲೇ ಗೆಲ್ಲುತ್ತೆ.

ಬಾಸ್ ಬಾಯಿ ಮುಚ್ಚಿಸಿದ್ದು 2005ರ ಜುಲೈ 26. ಸಾಂತಾಕ್ರೂಜಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ, ಸ್ಯಾಂಪಲ್ ತರ್ತಿದ್ದ ಹುಡುಗ ಕುರ್ಲಾದಲ್ಲಿ ಸಿಕ್ಕಾಕೊಂಡ. ಬಂದಿದ್ದು 28ಕ್ಕೆ, ಐಸ್ ಎಲ್ಲ ನೀರಾಗಿತ್ತು, ಟ್ಯೂಬನ್ನ ಮಾತ್ರ ಶರ್ಟ್ ಒಳಗೆ ಇಟ್ಕೊಂಡಿದ್ದ ಪುಣ್ಯಾತ್ಮ. "ಅಕ್ಕಾ, ಬಿಸಾಕಿ" ಅಂದ್ಲು ನಮ್ಮ ಮಂಗಳೂರು ಹುಡುಗಿ. ನಾನು ಒಂದೂವರೆ ಗಂಟೆ ಆರಿಸಿ ಹಾಕಿದೆ. 11ನೇ ದಿನ ಹಾರ್ವೆಸ್ಟು: 46ರ ಬದಲು 47 ಕ್ರೋಮೋಸೋಮ್, ಎಕ್ಸ್‌ವೈ, 16ನೇದು ಎರಡರ ಬದಲು ಮೂರು. ವೈ ಇದೆ, 16 ಮೂರಿದೆ, ತಾಯೀದು ಅಂತ ಯಾರು ಹೇಳೋಕಾಗುತ್ತೆ? ಬಾಸ್ ಸ್ಲೈಡನ್ನ ಮೂರು ಸಲ ನೋಡಿದ್ರು, ಏನೂ ಅನ್ನಲಿಲ್ಲ, ಮಾರನೇ ವಾರ ಎರಡನೇ ಮೈಕ್ರೋಸ್ಕೋಪಿಗೆ ಕೊಟೇಶನ್ ತರಿಸಿದ್ರು. ಆಮೇಲಿನ 50ರಲ್ಲಿ ನಾರ್ಮಲ್ ಇದ್ದಿದ್ದು ಎಕ್ಸ್‌ಎಕ್ಸ್ ಎಕ್ಸ್‌ವೈ ಹೆಚ್ಚು ಕಡಿಮೆ ಸಮ, ತೊಂದರೆ ಇರೋದು ಅರ್ಧದ ಹತ್ರ. ಹಳೇ 38 ಜನಕ್ಕೆ ನಾರ್ಮಲ್ ಅಂತ ಕೊಟ್ಟು ಕಳಿಸಿದ್ವಲ್ಲ, ಅವರು ಇನ್ನೆಷ್ಟು ಟೆಸ್ಟಿಗೆ ದುಡ್ಡು ಸುರಿದ್ರೋ, ಅದು ಈಗಲೂ ಚುಚ್ಚುತ್ತೆ.

ಇದರ ಮಧ್ಯೆ ಸ್ಲೈಡ್ ಒಣಗಿಸೋದ್ರ ಹುಚ್ಚು ಬೇರೆ. ಸ್ಲೈಡ್ ಮೇಲೆ ಎಷ್ಟು ಎತ್ತರದಿಂದ ಸೆಲ್ ಇರೋ ಡ್ರಾಪ್ ಹಾಕ್ತೀವಿ ಅನ್ನೋದು ದೊಡ್ಡ ವಿಷಯ ಅಲ್ಲ, ಟೇಬಲ್ ಮೇಲೆ ಹತ್ತಿ ಕೂತು ಹಾಕೋದನ್ನೂ ನೋಡಿದೀನಿ, ಸರ್ಕಸ್ಸು. ವಿಷಯ ಇರೋದು ಒಣಗೋದ್ರಲ್ಲಿ. ಜುಲೈಲಿ ನಿಧಾನ ಒಣಗಿ ಕ್ರೋಮೋಸೋಮ್ ಚೆಲ್ಲಾಪಿಲ್ಲಿ, 46 ಎಣಿಸಿದ್ರೆ 43 ಸಿಗುತ್ತೆ. ಮೇ ತಿಂಗಳು ಪುಣೆಗೆ ಒಂದು ಲ್ಯಾಬಿಗೆ ಕಲಿಸೋಕೆ ಹೋಗಿದ್ದೆ, ಅಲ್ಲಿ ಗಾಳಿ ಒಣ, ಒಂದು ಸ್ಪ್ರೆಡ್ಡೂ (ಒಂದು ಸೆಲ್ಲಿನ ಕ್ರೋಮೋಸೋಮ್ ಗುಂಪು) ಬಿಚ್ಚಿಕೊಳ್ಳಲಿಲ್ಲ, ಕೊನೆಗೆ ಕ್ಯಾಂಟೀನಿಂದ ಬಿಸಿನೀರಿನ ಜಗ್ ತರಿಸಿ ಹಬೆ ಮೇಲೆ ಎರಡು ಸೆಕೆಂಡ್ ಹಿಡಿದೆ, ಅರಳ್ತು. ಹೊಸ ಹುಡುಗ್ರಿಗೆ ಕೈ ಪಳಗಲಿ ಅಂತ ಮಳೆಗಾಲದಲ್ಲಿ ಮಿಡತೆ ಹಿಡಿಸ್ತೀನಿ, ಗಂಡು ಮಿಡತೇಲಿ 23 ಕ್ರೋಮೋಸೋಮ್, ಎಕ್ಸ್ ಒಂದೇ, ಮಿಯಾಸಿಸ್ (ವೀರ್ಯ ಆಗೋವಾಗಿನ ಸೆಲ್ ವಿಭಜನೆ) ಕನ್ನಡಿ ಥರ ಕಾಣುತ್ತೆ, ಪುಕ್ಕಟೆ ಬೇರೆ.

ಕೊಲಾಜಿನೇಸಲ್ಲಿ (ಟಿಶ್ಯೂ ಬಿಡಿಸಿ ಸೆಲ್ ಬೇರೆ ಮಾಡೋ ಎಂಜೈಮ್) ಎಷ್ಟು ಹೊತ್ತು ಬಿಡ್ತೀನಿ, ಮಧ್ಯೆ ಏನು ಮಾಡ್ತೀನಿ ಅಂತ ಕೇಳ್ಬೇಡಿ, ಅದು ನನ್ನ ಹತ್ರಾನೇ ಇರ್ಲಿ. ಫಾರ್ಮಲಿನ್ ಮಾತ್ರ ಇವತ್ತಿಗೂ ನಿಂತಿಲ್ಲ, ಹೋದ ಗುರುವಾರ ಕೂಡ ಒಂದು ಬಂತು, ಮುಚ್ಚಳ ತೆಗೆದ ಕೂಡ್ಲೇ ಕಣ್ಣು ಉರೀತು.